ಫೋನ್ ಮಾಡಬೇಕಾ, ಬರೆದು ಹಾಕಬೇಕಾ? ದೂರದೂರ ಇರುವ ತಂಡಕ್ಕೊಂದು ಮಾರ್ಗದರ್ಶಿ

ಬಳ್ಳಾರಿಯ ಜೀನ್ಸ್ ಕೆಲಸ ಒಂದೇ ಸೂರಿನ ಕೆಳಗೆ ಮುಗಿಯುವಂಥದ್ದಲ್ಲ. ಕಟಿಂಗ್ ಒಂದು ಕಡೆ. ಹೊಲಿಗೆ ಜಾಬ್ ವರ್ಕ್‌ಗೆ ಇನ್ನೊಂದು ಕಡೆ. ವಾಶಿಂಗ್ ಮತ್ತೊಂದು ಕಡೆ. ಈಗ ಅದರ ಜೊತೆಗೆ ಡಿಸೈನ್ ಮಾಡುವವರು ಬೆಂಗಳೂರಿನಲ್ಲಿ, ಆನ್‌ಲೈನ್ ಆರ್ಡರ್ ನೋಡುವವರು ಕೊಪ್ಪಳದ ತಮ್ಮ ಮನೆಯಲ್ಲಿ, ಲೆಕ್ಕ ಬರೆಯುವವರು ರಾಯಚೂರಿನಲ್ಲಿ. ಗಂಗಾವತಿ, ಸಿಂಧನೂರಿನ ಅಕ್ಕಿ ಮಿಲ್ಲುಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಮಿಲ್ಲು ಇಲ್ಲಿ, ಮಾರಾಟ ನೋಡುವವರು ಎಲ್ಲೋ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಸಾಫ್ಟ್‌ವೇರ್ ಹುಡುಗ ಹುಡುಗಿಯರಲ್ಲೂ ಕೆಲವರು ಇಲ್ಲೇ ಉಳಿದು ಕೆಲಸ ಮಾಡುತ್ತಿದ್ದಾರೆ.

ಇಂಥ ತಂಡಕ್ಕೆ ವರ್ಚುವಲ್ ಟೀಮ್ ಅನ್ನುತ್ತಾರೆ. ಹೆಸರು ದೊಡ್ಡದು. ಆದರೆ ಇಂಥ ತಂಡದ ಆಫೀಸು ಎಲ್ಲಿದೆ ಅಂತ ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: ಒಂದು ವಾಟ್ಸಾಪ್ ಗುಂಪು. ಅದರಲ್ಲೇ ಆರ್ಡರ್, ಅದರಲ್ಲೇ ಬಾಕಿ ಲೆಕ್ಕ, ಅದರಲ್ಲೇ ಜಗಳ, ಅದರಲ್ಲೇ ಬೆಳಗಿನ ಶುಭೋದಯದ ಗುಲಾಬಿ ಹೂವು. ಲಾರಿ ನಂಬರ್ ಹುಡುಕಬೇಕು ಅಂದರೆ ನಲವತ್ತು ಹೂವು ದಾಟಿ ಹೋಗಬೇಕು.

ವಾಟ್ಸಾಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಲ್ಲ ಬಗೆಯ ಮಾತನ್ನೂ ಒಂದೇ ಕಡೆ ಸುರಿಯುವುದು ತೊಂದರೆ. ಯಾವ ಆ್ಯಪ್ ಒಳ್ಳೆಯದು ಅಂತ ಕೇಳುವ ಮೊದಲು ನಮ್ಮ ಮಾತು ಯಾವ ಬಗೆಯದು ಅಂತ ಕೇಳಿಕೊಳ್ಳಬೇಕು. ಅಲ್ಲಿಂದ ಶುರು ಮಾಡಿದರೆ ಆ್ಯಪ್ ಆರಿಸುವುದು ಸುಲಭದ ಕೆಲಸ.

ಹೆಜ್ಜೆ 1: ಯಾರ ಕೈಯಲ್ಲಿ ಏನಿದೆ, ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ತಂಡದ ಪ್ರತಿಯೊಬ್ಬರ ಹೆಸರು ಬರೆಯಿರಿ. ಹೆಸರಿನ ಮುಂದೆ ಇಷ್ಟು ವಿಷಯ ಬರಲಿ: ಅವರ ಹತ್ತಿರ ಇರುವುದು ಸ್ಮಾರ್ಟ್‌ಫೋನಾ, ಬರೀ ಬಟನ್ ಫೋನಾ, ಲ್ಯಾಪ್‌ಟಾಪಾ? ಕೂರುವ ಜಾಗದಲ್ಲಿ ಸಿಗ್ನಲ್ ಹೇಗಿದೆ? ಕರೆಂಟು ಯಾವಾಗ ಹೋಗುತ್ತದೆ? ಯಾವ ಭಾಷೆ ಓದುತ್ತಾರೆ, ಯಾವ ಭಾಷೆ ಬರೀ ಮಾತಾಡುತ್ತಾರೆ? ಯಾವ ಹೊತ್ತಿನಲ್ಲಿ ಕೈ ಖಾಲಿ ಇರುತ್ತದೆ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಹೊಲಿಗೆ ಘಟಕದಲ್ಲಿ ಮಷಿನ್‌ಗಳ ಸದ್ದು. ಅಲ್ಲಿ ಫೋನ್ ಎತ್ತಿದರೂ ಏನೂ ಕೇಳಿಸದು, ಬರೆದದ್ದೇ ವಾಸಿ. ವಾಶಿಂಗ್ ಮಾಡುವವರ ಕೈ ಒದ್ದೆ. ಅವರಿಗೆ ಬರೆಯುವುದು ಕಷ್ಟ, ಧ್ವನಿ ಸಂದೇಶವೇ ಸರಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಗುತ್ತಿಗೆ ಕೆಲಸ ಮಾಡುವ ತಂಡವಾದರೆ ಶಿಫ್ಟ್ ಪ್ರಕಾರ ಜನ ಬದಲಾಗುತ್ತಾರೆ. ರಾತ್ರಿ ಪಾಳಿ ಮುಗಿಸಿ ಮಲಗಿದವರಿಗೆ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟರೆ ಅವರು ಬರುವುದಿಲ್ಲ. ಬಂದರೂ ಕಣ್ಣು ಮುಚ್ಚಿಕೊಂಡೇ ಕೂತಿರುತ್ತಾರೆ.

ಏಪ್ರಿಲ್, ಮೇನಲ್ಲಿ ರಾಯಚೂರಿನ ಮಧ್ಯಾಹ್ನ ಗೊತ್ತಲ್ಲ. ಕರೆಂಟು ಹೋದರೆ ವೈಫೈ ಹೋಯಿತು, ಫ್ಯಾನೂ ಹೋಯಿತು. ಆ ಹೊತ್ತಿನಲ್ಲಿ ವಿಡಿಯೋ ಮೀಟಿಂಗ್ ಇಟ್ಟವರನ್ನು ಯಾರೂ ಹರಸುವುದಿಲ್ಲ. ಬೇಸಿಗೆಯಲ್ಲಿ ಮೀಟಿಂಗ್ ಬೆಳಿಗ್ಗೆಯೇ ಮುಗಿಸಿಬಿಡಿ.

ಈ ಹಾಳೆ ತುಂಬಿದ ಮೇಲೆ ಒಂದು ನಿಯಮ ಹಾಕಿಕೊಳ್ಳಿ. ಎಲ್ಲರಿಗೂ ಮುಟ್ಟಲೇಬೇಕಾದ ಸುದ್ದಿಗೆ, ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಅನುಕೂಲ ಇರುವವರ ಕೈಗೆ ಸಿಗುವ ಮಾಧ್ಯಮವನ್ನೇ ಬಳಸಬೇಕು. ಬೆಂಗಳೂರಿನವರ ಲ್ಯಾಪ್‌ಟಾಪ್ ನೋಡಿ ತೀರ್ಮಾನಿಸಿದರೆ ದೇವದುರ್ಗದಲ್ಲಿ ಓಡಾಡುವವರು ತಂಡದ ಹೊರಗೇ ಉಳಿಯುತ್ತಾರೆ.

ಹೆಜ್ಜೆ 2: ಒಂದು ವಾರದ ಮಾತು ವಿಂಗಡಿಸಿ

ಹಳೆಯ ಗುಂಪಿನ ಒಂದು ವಾರದ ಸಂದೇಶಗಳನ್ನು ಕೂತು ಓದಿ. ಬೇಸರದ ಕೆಲಸ, ಆದರೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವುದಿಲ್ಲ. ಸುಮ್ನೆ ತಿಳಿಸುವ ಮಾತು ಯಾವುದು (ಮಾಲು ಹೊರಟಿತು, ದುಡ್ಡು ಬಂತು), ಉತ್ತರ ಬೇಕಾದ ಪ್ರಶ್ನೆ ಯಾವುದು, ನಾಲ್ಕು ಜನ ಸೇರಿ ತೀರ್ಮಾನಿಸಬೇಕಾದದ್ದು ಯಾವುದು, ಮುಂದೆ ಎಂದಾದರೂ ಹುಡುಕಬೇಕಾಗುವ ದಾಖಲೆ ಯಾವುದು, ಮನಸ್ಸು ನೋಯುವ ಮಾತು ಯಾವುದು ಅಂತ ಗುರುತು ಹಾಕಿ. ಹೂವಿನ ಚಿತ್ರಗಳಿಗೆ ಗುರುತು ಬೇಡ.

ನೀವೇ ನೋಡಿ, ಜಾಸ್ತಿ ಪಾಲು ಬರೀ ತಿಳಿಸುವ ಮಾತೇ ಇರುತ್ತದೆ. ಜಗಳ ಹುಟ್ಟಿದ ಕಡೆ ಮಾತ್ರ ಕೂಡಿ ತೀರ್ಮಾನಿಸಬೇಕಾದ್ದನ್ನು ಯಾರೋ ಬರೆದು ಮುಗಿಸಲು ನೋಡಿರುತ್ತಾರೆ.

ಹೆಜ್ಜೆ 3: ತಿಳಿಸುವುದಾ, ಕೂಡಿ ತೀರ್ಮಾನಿಸುವುದಾ?

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನೇ ಓದಿ.

ಈ ವಿಷಯವನ್ನು ಓದಿಕೊಂಡವರು ಬಹಳ ಹಿಂದೆಯೇ ಯೋಚಿಸಿದ್ದಾರೆ. ಅಮೆರಿಕದ ರಿಚರ್ಡ್ ಡಾಫ್ಟ್ ಮತ್ತು ರಾಬರ್ಟ್ ಲೆಂಗಲ್ 1986ರಲ್ಲಿ ಬರೆದ ಒಂದು ಪ್ರಬಂಧ ಇಂದಿಗೂ ಮ್ಯಾನೇಜ್‌ಮೆಂಟ್ ಓದುವ ಮಕ್ಕಳಿಗೆ ಪಾಠ. ಅವರ ಪ್ರಕಾರ ಒಂದೊಂದು ಮಾಧ್ಯಮ ಹೊರುವ ಭಾರ ಬೇರೆ ಬೇರೆ. ಎದುರಿಗೆ ಕೂತು ಮಾತಾಡಿದರೆ ತಕ್ಷಣ ಉತ್ತರ ಸಿಗುತ್ತದೆ, ಮುಖ ಕಾಣುತ್ತದೆ, ದನಿ ಕೇಳುತ್ತದೆ. ಫೋನಿನಲ್ಲಿ ಮುಖ ಹೋಗುತ್ತದೆ, ದನಿ ಉಳಿಯುತ್ತದೆ. ಕಾಗದದಲ್ಲಿ ದನಿಯೂ ಹೋಗುತ್ತದೆ. ಬರೀ ಅಂಕಿಗಳ ಪಟ್ಟಿಯಲ್ಲಿ ಅಂಕಿ ಬಿಟ್ಟು ಮತ್ತೇನೂ ಉಳಿಯುವುದಿಲ್ಲ.

ಹಾಗಾದರೆ ಎಲ್ಲದಕ್ಕೂ ಎದುರೆದುರು ಕೂರಬೇಕಾ? ಇಲ್ಲ. ಅವರು ತೊಂದರೆಗಳನ್ನು ಎರಡು ಬಗೆ ಮಾಡಿದರು. ಒಂದು, ಮಾಹಿತಿ ಇಲ್ಲದ ತೊಂದರೆ. ಲಾರಿ ಎಲ್ಲಿದೆ ಗೊತ್ತಿಲ್ಲ. ಎಷ್ಟು ಚೀಲ ಬಂತು ಗೊತ್ತಿಲ್ಲ. ಇದಕ್ಕೆ ಒಂದು ಸಾಲು ಬರೆದರೆ ಸಾಕು. ಇನ್ನೊಂದು, ಮಾಹಿತಿ ಇದ್ದರೂ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುವ ತೊಂದರೆ. ‘ಈ ಸಲದ ಮಾಲು ಚೆನ್ನಾಗಿಲ್ಲ’ ಅಂತ ಗಿರಾಕಿ ಹೇಳಿದ. ಚೆನ್ನಾಗಿಲ್ಲ ಅಂದರೆ ಬಟ್ಟೆಯಾ, ಹೊಲಿಗೆಯಾ, ಬಣ್ಣವಾ, ರೇಟಾ? ಇದಕ್ಕೆ ನೂರು ಸಂದೇಶ ಬರೆದರೂ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಾತಾಡಲೇಬೇಕು.

ಆಮೇಲೆ ಅಲನ್ ಡೆನ್ನಿಸ್ ಮತ್ತು ಜೋಸೆಫ್ ವಲಾಸಿಚ್ ಅನ್ನುವ ಸಂಶೋಧಕರು ಬಂದರು. 1999ರಲ್ಲಿ ಒಮ್ಮೆ, 2008ರಲ್ಲಿ ರಾಬರ್ಟ್ ಫುಲ್ಲರ್ ಜೊತೆ ಸೇರಿ ಇನ್ನೊಮ್ಮೆ, ಅವರು ಈ ಮಾತನ್ನು ತಿದ್ದಿದರು. ‘ಎಲ್ಲಕ್ಕಿಂತ ಮೇಲಿನದು’ ಅನ್ನುವ ಮಾಧ್ಯಮವೇ ಇಲ್ಲ ಅಂದರು. ಬರೆದದ್ದಕ್ಕೂ ಅದರದ್ದೇ ಬಲ ಇದೆ. ಬರೆಯುವವರು ಕಳಿಸುವ ಮೊದಲು ತಿದ್ದಬಹುದು. ಓದುವವರು ಎರಡು ಸಲ, ನಾಲ್ಕು ಸಲ ಓದಬಹುದು. ಮಾತಿಗೆ ಈ ಎರಡೂ ಇಲ್ಲ. ಹಾಗಾಗಿ ಹೊಸ ಮಾಹಿತಿ ಮುಟ್ಟಿಸಲು, ಓದಿ ಯೋಚಿಸಲು ಬರಹ. ಎಲ್ಲರೂ ಒಂದೇ ಅರ್ಥಕ್ಕೆ ಬರಲು ಮಾತು. ಒಂದೇ ಕೆಲಸಕ್ಕೆ ಎರಡೂ ಬೇಕಾಗುತ್ತವೆ, ಒಂದಾದ ಮೇಲೆ ಒಂದರಂತೆ.

ನಮ್ಮ ತಂಡಕ್ಕೆ ಇದನ್ನು ಹೀಗೆ ಇಳಿಸಬಹುದು. ಹೊಸ ಆರ್ಡರಿನ ವಿವರ ಮೊದಲು ಬರಹದಲ್ಲಿ ಹೋಗಲಿ. ಸೈಜು, ಪೀಸು, ರೇಟು, ತಾರೀಕು. ಎಲ್ಲರೂ ಓದಲು ಅರ್ಧ ದಿನ ಬಿಡಿ. ಆಮೇಲೆ ಹತ್ತು ನಿಮಿಷದ ಕಾಲ್. ಆಗುತ್ತದಾ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾರಿಗೆ ಅನುಮಾನ ಇದೆ ಅಂತ ಮಾತಾಡಿ. ಕಾಲ್ ಮುಗಿದ ತಕ್ಷಣ ಕರೆ ಮಾಡಿದವರೇ ಮೂರು ಸಾಲು ಬರೆದು ಹಾಕಬೇಕು: ಏನು ತೀರ್ಮಾನ ಆಯಿತು, ಯಾರು ಮಾಡುತ್ತಾರೆ, ಯಾವತ್ತಿನ ಒಳಗೆ.

ಈ ಮೂರು ಸಾಲನ್ನು ಬಿಡಬೇಡಿ. ಫೋನಿನಲ್ಲಿ ಎಲ್ಲರೂ ‘ಆಯ್ತ್ರೀ ಸರ’ ಅಂದಿರುತ್ತಾರೆ. ಎರಡು ದಿನ ಆದ ಮೇಲೆ ಕೇಳಿದರೆ ಒಬ್ಬರ ಆಯ್ತಿಗೂ ಇನ್ನೊಬ್ಬರ ಆಯ್ತಿಗೂ ಸಂಬಂಧ ಇರುವುದಿಲ್ಲ.

ಇದರ ಜೊತೆಗೆ ಮೂರು ಚಿಕ್ಕ ನಿಯಮ. ಒಂದೇ ವಿಷಯಕ್ಕೆ ಸಂದೇಶ ಮೂರು ಸಲ ಆಚೀಚೆ ಹೋಗಿಯೂ ತೀರ್ಮಾನ ಆಗದಿದ್ದರೆ ಬರೆಯುವುದು ನಿಲ್ಲಿಸಿ ಫೋನ್ ಮಾಡಿ. ಸಿಟ್ಟಿನಲ್ಲಿ ಬರೆಯಬೇಡಿ, ಮಾತಾಡಿ. ಬರೆದವರ ಮನಸ್ಸಿನಲ್ಲಿ ತಮಾಷೆ ಇದ್ದರೂ ಓದುವವರಿಗೆ ಅದು ಕಾಣುವುದಿಲ್ಲ. ಬಾಕಿ ದುಡ್ಡಿನ ಮಾತು, ತಪ್ಪು ತೋರಿಸುವ ಮಾತು ಗುಂಪಿನಲ್ಲಿ ಬೇಡವೇ ಬೇಡ. ನೇರ ಅವರೊಬ್ಬರಿಗೇ ಕರೆ ಮಾಡಿ. ನಮ್ಮ ಕಡೆ ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತು ಅನ್ನಿಸಿದರೆ ಮುಗಿಯಿತು, ಆಮೇಲೆ ಆ ಮನುಷ್ಯ ಗುಂಪಿನಲ್ಲಿ ಹೂವಿನ ಚಿತ್ರ ಬಿಟ್ಟು ಬೇರೇನೂ ಹಾಕುವುದಿಲ್ಲ.

ಹೆಜ್ಜೆ 4: ಪರದೆಗೆ ಬಾರದ್ದನ್ನು ಬಸ್ಸಿಗೆ ಹಾಕಿ

ಕಂಪ್ಯೂಟರ್ ಪುಸ್ತಕಗಳು ಇದನ್ನು ಹೇಳುವುದಿಲ್ಲ. ವಾಶ್ ಆದ ಜೀನ್ಸಿನ ಬಣ್ಣ ಯಾವ ಫೋನಿನಲ್ಲೂ ಸರಿಯಾಗಿ ಕಾಣುವುದಿಲ್ಲ. ಬಿಸಿಲಿನಲ್ಲಿ ತೆಗೆದ ಫೋಟೋ ಒಂದು ನೀಲಿ, ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು ಇನ್ನೊಂದು ನೀಲಿ. ನಿಮ್ಮ ಫೋನಿನ ಪರದೆ ಬೇರೆ, ಅವರ ಪರದೆ ಬೇರೆ. ಸಾಲದ್ದಕ್ಕೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದು ತಪ್ಪುತ್ತದೆ, ಬಣ್ಣದ ವ್ಯತ್ಯಾಸ ತಪ್ಪುವುದಿಲ್ಲ.

ಬಣ್ಣ ಒಪ್ಪಿಸಬೇಕಾದರೆ ಬಟ್ಟೆಯ ತುಂಡನ್ನೇ ಕಳಿಸಿ. ಸಂಜೆ ಪಾರ್ಸೆಲ್ ಮಾಡಿ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಒಂದೇ ಬಟ್ಟೆಯಿಂದ ಎರಡು ತುಂಡು ಕತ್ತರಿಸಿ, ಎರಡಕ್ಕೂ ಒಂದೇ ನಂಬರ್ ಬರೆಯಿರಿ. ಒಂದು ಅಲ್ಲಿ, ಒಂದು ಇಲ್ಲಿ. ಆಮೇಲೆ ಫೋನಿನಲ್ಲಿ ‘ನಂಬರ್ 3ಕ್ಕಿಂತ ಸ್ವಲ್ಪ ತಿಳಿ’ ಅಂದರೆ ಇಬ್ಬರ ಕೈಯಲ್ಲೂ ಅದೇ ತುಂಡು ಇರುತ್ತದೆ. ಅಕ್ಕಿಗೂ ಅಷ್ಟೇ. ಸೋನಾ ಮಸೂರಿಯ ಕಾಳನ್ನು ಫೋಟೋದಲ್ಲಿ ನೋಡಿ ರೇಟು ಕಟ್ಟುವ ವ್ಯಾಪಾರಿಯನ್ನು ನಾನು ನೋಡಿಲ್ಲ. ಸ್ಯಾಂಪಲ್ ಪೊಟ್ಟಣ ಕೈಗೆ ಬಂದು, ಅಂಗೈಯಲ್ಲಿ ಉಜ್ಜಿ ನೋಡಿದ ಮೇಲೆಯೇ ಮಾತು.

ಹೆಜ್ಜೆ 5: ಒಂದೊಂದು ಬಗೆಯ ಮಾತಿಗೆ ಒಂದೊಂದು ಜಾಗ

ಈಗ ಆ್ಯಪ್ ಮಾತು. ಹತ್ತು ಜನರ ತಂಡಕ್ಕೆ ಮೂರು ನಾಲ್ಕು ಜಾಗ ಸಾಕು. ಅದಕ್ಕಿಂತ ಜಾಸ್ತಿ ಆದರೆ ‘ಎಲ್ಲಿ ಹಾಕಿದ್ದಿರಿ?’ ಅಂತ ಕೇಳುವುದೇ ಒಂದು ಕೆಲಸವಾಗುತ್ತದೆ.

ದಿನದ ಸುದ್ದಿಗೆ ವಾಟ್ಸಾಪ್ ಗುಂಪು ಇರಲಿ. ಎಲ್ಲರಿಗೂ ಅದು ಗೊತ್ತು, ಕಲಿಸುವ ಕೆಲಸ ಇಲ್ಲ. ಆದರೆ ಗುಂಪನ್ನು ಎರಡು ಮಾಡಿ. ಒಂದು ‘ಕೆಲಸ’, ಇನ್ನೊಂದು ‘ಹರಟೆ’. ಹೂವು, ಹುಟ್ಟುಹಬ್ಬ, ಕ್ರಿಕೆಟ್ ಎಲ್ಲ ಎರಡನೆಯದಕ್ಕೆ. ಹರಟೆಯ ಗುಂಪನ್ನು ಮುಚ್ಚಲು ಹೋಗಬೇಡಿ. ದೂರ ಇರುವವರಿಗೆ ಟೀ ಅಂಗಡಿ ಮುಂದೆ ನಿಂತು ಮಾತಾಡುವ ಅವಕಾಶ ಇಲ್ಲ, ಅವರಿಗೆ ಇರುವುದು ಅದೊಂದೇ. ಕೆಲಸದ ಗುಂಪಿನಲ್ಲಿ ಮುಖ್ಯ ಸಂದೇಶವನ್ನು ಪಿನ್ ಮಾಡಿ. 24 ಗಂಟೆ, 7 ದಿನ ಅಥವಾ 30 ದಿನ ಮೇಲೆ ನಿಲ್ಲುವಂತೆ ಇಡಬಹುದು. ಬರೆದದ್ದು ತಪ್ಪಾದರೆ 15 ನಿಮಿಷದ ಒಳಗೆ ತಿದ್ದಬಹುದು. ಅದು ದಾಟಿದರೆ ಹೊಸದಾಗಿ ‘ತಿದ್ದುಪಡಿ’ ಅಂತ ಬರೆಯಿರಿ. ಹಳೆಯದನ್ನು ಅಳಿಸಿಹಾಕಿದರೆ ಅಷ್ಟರಲ್ಲಿ ಓದಿದವರು ಹಳೆಯ ಲೆಕ್ಕದಲ್ಲೇ ಕೆಲಸ ಮಾಡುತ್ತಾರೆ.

ಸಂದೇಶ ಬರೆಯುವ ರೀತಿಯೂ ಮುಖ್ಯ. ‘ನಿನ್ನೆದು ಏನಾಯ್ತು?’ ಅಂದರೆ ಯಾರಿಗೆ, ಯಾವ ನಿನ್ನೆಯದು? ಬದಲಿಗೆ ಹೀಗೆ: ‘ಲಾಟ್ 14, ಸೈಜ್ 32, 200 ಪೀಸ್. ವಾಶಿಂಗ್‌ನಿಂದ ಶುಕ್ರವಾರ ಸಂಜೆ ಬರಬೇಕು. ಬರುತ್ತದಾ ಇಲ್ಲವಾ, ನಾಳೆ 11ರ ಒಳಗೆ ತಿಳಿಸಿ ಅಣ್ಣಾ.’ ಓದಿದವರಿಗೆ ಮತ್ತೊಂದು ಪ್ರಶ್ನೆ ಕೇಳುವ ಅಗತ್ಯ ಬೀಳುವುದಿಲ್ಲ.

ಲೆಕ್ಕ, ಸ್ಟಾಕು, ಆರ್ಡರ್ ಪಟ್ಟಿಗೆ ಗೂಗಲ್ ಶೀಟ್. ಒಂದೇ ಹಾಳೆ, ಎಲ್ಲರಿಗೂ ಅದರದ್ದೇ ಲಿಂಕ್. ಎಕ್ಸೆಲ್ ಫೈಲನ್ನು ಗುಂಪಿನಲ್ಲಿ ಹಾಕುತ್ತಾ ಹೋದರೆ ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಅಂತ ಐದು ಫೈಲು ಆಗಿ, ಯಾವುದು ನಿಜ ಅಂತ ಯಾರಿಗೂ ಗೊತ್ತಿರುವುದಿಲ್ಲ. ಶೀಟಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನುವ ಇತಿಹಾಸವೂ ಉಳಿಯುತ್ತದೆ. ಹಾಗಂತ ಎಲ್ಲರಿಗೂ ತಿದ್ದುವ ಅಧಿಕಾರ ಕೊಡಬೇಡಿ. ಇಬ್ಬರಿಗೆ ತಿದ್ದಲು, ಉಳಿದವರಿಗೆ ನೋಡಲು.

ಹೊರಗಿನವರ ಜೊತೆಗಿನ ವ್ಯವಹಾರಕ್ಕೆ ಇಮೇಲ್. ಖರೀದಿ ಆರ್ಡರ್, ಬಿಲ್ಲು, ರೇಟಿನ ಒಪ್ಪಿಗೆ, ಬ್ಯಾಂಕಿನ ಮಾತು ಎಲ್ಲ ಅಲ್ಲೇ ಇರಲಿ. ನಿಮ್ಮ ವ್ಯವಹಾರದ ಇಮೇಲ್ ಯಾರದ್ದೋ ಒಬ್ಬರ ಸ್ವಂತ ಹೆಸರಿನಲ್ಲಿ ಇರಬಾರದು. ಅಂಗಡಿ ಹೆಸರಿನಲ್ಲಿ ಒಂದು ಮಾಡಿಸಿಕೊಳ್ಳಿ. ಫೋನಿನಲ್ಲಿ ಒಪ್ಪಿದ ರೇಟನ್ನು ‘ಈಗ ಮಾತಾಡಿದಂತೆ’ ಅಂತ ಶುರು ಮಾಡಿ ಅದೇ ದಿನ ಮೇಲ್ ಮಾಡಿಬಿಡಿ. ಎದುರಿನವರು ಎಷ್ಟೇ ಹಳೆಯ ಪರಿಚಯ ಇರಲಿ.

ಆಫೀಸಿನ ಮಾತುಕತೆಗೆಂದೇ ಮಾಡಿದ ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್‌ನಂಥ ಆ್ಯಪ್ ಬೇಕಾ? ಎಲ್ಲರೂ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ತಂಡವಾದರೆ ಬೇಕು. ವಿಷಯಕ್ಕೊಂದು ವಾಹಿನಿ ಮಾಡಿಕೊಳ್ಳಬಹುದು, ಹುಡುಕುವುದು ಸುಲಭ. ಆದರೆ ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ, ಅದು ಗೊತ್ತಿರಲಿ. ಅರ್ಧ ಜನ ಫೀಲ್ಡಿನಲ್ಲಿ, ಮಿಲ್ಲಿನಲ್ಲಿ ಇದ್ದರೆ ಇವುಗಳ ಸಹವಾಸ ಬೇಡ.

ಧ್ವನಿ ಸಂದೇಶ ನಮ್ಮ ಕಡೆ ಬಹಳ ಓಡುತ್ತದೆ. ಬರೆಯಲು ತಡಬಡಾಯಿಸುವವರಿಗೆ ಅದು ದೊಡ್ಡ ಅನುಕೂಲ. ಆದರೆ ಅದನ್ನು ಹುಡುಕಲು ಆಗುವುದಿಲ್ಲ. ನಾಲ್ಕು ನಿಮಿಷದ ಸಂದೇಶದಲ್ಲಿ ಬೇಕಾದ ಅಂಕಿ ಕೊನೆಯಲ್ಲಿ ಬರುತ್ತದೆ, ಅದೂ ಹಿಂದೆ ಗಾಡಿ ಹಾರನ್ ಹೊಡೆಯುವಾಗ. ಒಂದು ನಿಮಿಷದ ಒಳಗೆ ಮುಗಿಸಿ, ಅಂಕಿ, ತಾರೀಕು, ಹೆಸರು ಇದ್ದರೆ ಕೆಳಗೆ ಬರೆದು ಹಾಕಿ. ಇಷ್ಟು ಮಾಡಿದರೆ ಧ್ವನಿ ಸಂದೇಶ ಚಿನ್ನದಂಥದ್ದು.

ಹೆಜ್ಜೆ 6: ಭಾಷೆಯ ಲೆಕ್ಕ

ಬಳ್ಳಾರಿಯಲ್ಲಿ ಮನೆ ಮಾತು ತೆಲುಗು, ಅಂಗಡಿ ಮಾತು ಕನ್ನಡ, ಬಜಾರಿನಲ್ಲಿ ಉರ್ದು, ಲಾರಿಯವರ ಜೊತೆ ಹಿಂದಿ. ಬಾಯಲ್ಲಿ ಎಲ್ಲವೂ ನಡೆಯುತ್ತದೆ. ಬರಹಕ್ಕೆ ಬಂದಾಗ ಒಬ್ಬರಿಗೆ ಓದಲು ಬರುವ ಲಿಪಿ ಇನ್ನೊಬ್ಬರಿಗೆ ಬರುವುದಿಲ್ಲ. ಹೀಗಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಬ್ಬೊಬ್ಬರ ಕಾಗುಣಿತ ಒಂದೊಂದು. ಕೊನೆಗೆ ಗುಂಪಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ತಂಡದಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ. ಲಾಟ್ ನಂಬರ್, ಸೈಜು, ತಾರೀಕು, ಮೊತ್ತ ಯಾವಾಗಲೂ ಅಂಕಿಯಲ್ಲೇ ಇರಲಿ. ಅದನ್ನು ಎಲ್ಲರೂ ಓದುತ್ತಾರೆ. ವಿವರ ಕನ್ನಡದಲ್ಲಿ ಬರೆಯಿರಿ. ಕೀಲಿ ಒತ್ತಲು ಬೇಸರವಾದರೆ ಫೋನಿನ ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿ, ಕನ್ನಡ ಅಕ್ಷರ ತಾನೇ ಮೂಡುತ್ತದೆ. ಕಳಿಸುವ ಮೊದಲು ಒಮ್ಮೆ ಓದಿ, ಅದು ಕೆಲವೊಮ್ಮೆ ಏನೇನೋ ಕೇಳಿಸಿಕೊಳ್ಳುತ್ತದೆ. ಕನ್ನಡ ಓದಲು ಬಾರದವರಿಗೆ ಅದೇ ಮಾತನ್ನು ಅವರ ಭಾಷೆಯಲ್ಲಿ ಧ್ವನಿ ಸಂದೇಶವಾಗಿ ಕಳಿಸುವ ಜವಾಬ್ದಾರಿ ಒಬ್ಬರಿಗೆ ಕೊಡಿ.

ಮೀಟಿಂಗ್‌ನಲ್ಲಿ ಇಂಗ್ಲಿಷ್ ಬಲ್ಲವರು ಮಾತಾಡುತ್ತಾ ಹೋಗುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಬೆಂಗಳೂರಿನ ಕಂಪನಿಗೆ ಊರಿನಿಂದ ಕೆಲಸ ಮಾಡುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ಬರಹವೇ ಗೆಳೆಯ. ನಿಧಾನಕ್ಕೆ ಓದಿ, ಯೋಚಿಸಿ, ತಿದ್ದಿ ಉತ್ತರ ಕೊಡಬಹುದು. ನೀವು ತಂಡದ ಮುಖ್ಯಸ್ಥರಾಗಿದ್ದರೆ ಮೀಟಿಂಗಿಗೆ ಮೊದಲೇ ಪ್ರಶ್ನೆಗಳನ್ನು ಬರೆದು ಕಳಿಸಿ. ಬಾಯಿ ಬಿಡದವರೂ ಆಗ ಬರೆದು ತಿಳಿಸುತ್ತಾರೆ.

ಹೆಜ್ಜೆ 7: ಮೌನಕ್ಕೂ ಅರ್ಥ ಗೊತ್ತುಮಾಡಿ

ಕ್ಯಾಥರೀನ್ ಕ್ರಾಮ್ಟನ್ ಅನ್ನುವ ಸಂಶೋಧಕಿ ದೂರದೂರ ಇರುವ ತಂಡಗಳನ್ನು ಗಮನಿಸಿ 2001ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಮಾತು ನಮ್ಮ ತಂಡಗಳನ್ನು ನೋಡಿಯೇ ಬರೆದಂತಿದೆ. ಉತ್ತರ ಬರದಿದ್ದಾಗ ಅದರ ಅರ್ಥ ಏನು ಅಂತ ದೂರದವರಿಗೆ ತಿಳಿಯುವುದಿಲ್ಲ. ಒಪ್ಪಿದರಾ, ಒಪ್ಪಲಿಲ್ಲವಾ, ನೋಡಲೇ ಇಲ್ಲವಾ, ಊರಲ್ಲಿಲ್ಲವಾ? ಆ ಕಡೆಯವರ ಪರಿಸ್ಥಿತಿ ಗೊತ್ತಿಲ್ಲದ ಕಾರಣ ‘ಸೋಮಾರಿ’ ಅಂತ ಮನುಷ್ಯನ ಮೇಲೇ ತಪ್ಪು ಹೊರಿಸುತ್ತಾರೆ.

ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆ ಇದ್ದ ದಿನ ಯಾರು ಫೋನ್ ಎತ್ತುತ್ತಾರೆ? ಬೆಂಗಳೂರಿನ ಡಿಸೈನರ್‌ಗೆ ಜಾತ್ರೆ ಇದೆ ಅಂತಲೇ ಗೊತ್ತಿರುವುದಿಲ್ಲ. ಮುದಗಲ್ಲಿನ ಮೊಹರಂ, ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ, ನಿಮ್ಮ ಏರಿಯಾದಲ್ಲಿ ಕರೆಂಟು ತೆಗೆಯುವ ದಿನ, ಲೆಕ್ಕದವರಿಗೆ ಜಿಎಸ್‌ಟಿ ತುಂಬುವ ದಿನ, ಎಲ್ಲವನ್ನೂ ಒಂದು ಕ್ಯಾಲೆಂಡರಿನಲ್ಲಿ ಹಾಕಿ ಎಲ್ಲರಿಗೂ ಕಾಣುವಂತೆ ಇಡಿ. ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ ಅದು.

ಜೊತೆಗೆ ಉತ್ತರದ ವೇಳೆ ಗೊತ್ತುಮಾಡಿ. ಗುಂಪಿನ ಪ್ರಶ್ನೆಗೆ ಅದೇ ದಿನ. ಮೇಲ್‌ಗೆ ಮರುದಿನದ ಒಳಗೆ. ಫೋನ್ ಎತ್ತಲು ಆಗದಿದ್ದರೆ ‘ಆಮೇಲೆ ಮಾಡ್ತೀನ್ರೀ’ ಅಂತ ಒಂದು ಸಾಲು. ಹೆಬ್ಬೆರಳಿನ ಚಿಹ್ನೆಗೂ ಅರ್ಥ ಗೊತ್ತುಮಾಡಿ. ಬಹಳ ತಂಡಗಳಲ್ಲಿ ಒಬ್ಬರಿಗೆ ಅದು ‘ಓದಿದೆ’, ಇನ್ನೊಬ್ಬರಿಗೆ ‘ಮಾಡುತ್ತೇನೆ’. ನನ್ನ ಪ್ರಕಾರ ಹೆಬ್ಬೆರಳು ಅಂದರೆ ‘ಓದಿದೆ’ ಅಷ್ಟೇ. ‘ಮಾಡುತ್ತೇನೆ’ ಅನ್ನುವುದನ್ನು ಬರೆಯಲೇಬೇಕು, ತಾರೀಕಿನ ಸಮೇತ.

ತುರ್ತು ಮಾತಿಗೆ ಬೇರೆ ದಾರಿ ಇರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ನದಿ ದಂಡೆಯಲ್ಲಿ ಮಾಲು, ಜನ, ಪಂಪ್‌ಸೆಟ್ ಇರುವವರು ಅಂಥ ಹೊತ್ತಿನಲ್ಲಿ ಗುಂಪಿಗೆ ಸಂದೇಶ ಹಾಕಿ ಮಲಗಲು ಆಗುತ್ತದಾ? ತುರ್ತು ಅಂದರೆ ಕರೆ, ಅದೂ ಮಾಮೂಲಿ ಫೋನ್ ಕರೆ. ಡೇಟಾ ಇಲ್ಲದ ಕಡೆಯೂ ಅದು ಮುಟ್ಟುತ್ತದೆ. ಯಾರು ಯಾರಿಗೆ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರಿಗೆ ಅನ್ನುವ ಪಟ್ಟಿಯನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾವುದು ತುರ್ತು ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಕೆಲವು ಮಾಲೀಕರಿಗೆ ಎಲ್ಲವೂ ತುರ್ತು, ರಾತ್ರಿ ಹನ್ನೊಂದಕ್ಕೆ ಬಟನ್ ಲೆಕ್ಕವೂ ತುರ್ತು.

ಹೆಜ್ಜೆ 8: ವಿಡಿಯೋ ಕಡಿಮೆ, ಸರಿಯಾದ ಕಡೆ

ವಿಡಿಯೋ ಇದ್ದರೆ ಹತ್ತಿರ ಆದಂತೆ ಅಂತ ಬಹಳ ಜನ ನಂಬಿದ್ದಾರೆ. ಕೆಲವು ಕೆಲಸಕ್ಕೆ ನಿಜ. ಹೊಸಬರ ಪರಿಚಯ, ಮುರಿದ ಮಷಿನ್ ತೋರಿಸುವುದು, ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಬೆರಳಿಟ್ಟು ತೋರಿಸುವುದು, ಇವಕ್ಕೆ ವಿಡಿಯೋಗೆ ಸಾಟಿ ಇಲ್ಲ. ದಿನಾ ಬೆಳಗಿನ ಮಾತಿಗೆ ಬರೀ ಧ್ವನಿ ಸಾಕು. ಡೇಟಾವೂ ಉಳಿಯುತ್ತದೆ, ಸಿಗ್ನಲ್ ಕಮ್ಮಿ ಇದ್ದರೂ ನಡೆಯುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಮೀಟಿಂಗ್ ಯಾಕೆ ಅಷ್ಟು ದಣಿಸುತ್ತದೆ ಅಂತ ಬರೆದರು. ಎಲ್ಲರ ಕಣ್ಣೂ ಹತ್ತಿರದಿಂದ ನಮ್ಮನ್ನೇ ನೋಡಿದಂತೆ ಕಾಣುವುದು, ನಮ್ಮ ಮುಖವನ್ನೇ ನಾವು ನೋಡುತ್ತಾ ಕೂರುವುದು, ಅಲ್ಲಾಡದೆ ಕೂರಬೇಕಾಗುವುದು, ತಲೆಯಾಡಿಸುವುದನ್ನೂ ಬೇಕಂತಲೇ ಮಾಡಬೇಕಾಗುವುದು. ಅದಕ್ಕೆ ನಮ್ಮ ಮುಖ ನಮಗೆ ಕಾಣದಂತೆ ಮುಚ್ಚುವ ಆಯ್ಕೆ ಬಳಸಿ. ಮಾತಾಡದ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಲು ಬಿಡಿ. ಮನೆಯಲ್ಲಿ ಒಂದೇ ಕೋಣೆ ಇರುವವರಿಗೆ, ಹಿಂದೆ ಅಡುಗೆ ನಡೆಯುತ್ತಿರುವವರಿಗೆ ಇದು ಮರ್ಯಾದೆಯ ಪ್ರಶ್ನೆಯೂ ಹೌದು.

ಉಚಿತ ಖಾತೆಯಲ್ಲಿ ಝೂಮ್ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಮತ್ತು ಹೆಚ್ಚು ಜನ ಇದ್ದರೆ 60 ನಿಮಿಷ. ವಾಟ್ಸಾಪ್ ಗುಂಪು ಕರೆಯಲ್ಲಿ 32 ಜನ ಸೇರಬಹುದು. ಸಮಯದ ಮಿತಿಯನ್ನು ಶಾಪ ಅಂದುಕೊಳ್ಳಬೇಡಿ. 40 ನಿಮಿಷದಲ್ಲಿ ಮುಗಿಯದ ಮೀಟಿಂಗ್ ಹೆಚ್ಚಾಗಿ ಎರಡು ಗಂಟೆಯಲ್ಲೂ ಮುಗಿಯುವುದಿಲ್ಲ.

ಹೆಜ್ಜೆ 9: ಒಮ್ಮೆಯಾದರೂ ಎದುರು ಕೂರಿ

ತಂಡ ಕಟ್ಟುವಾಗ, ದೊಡ್ಡ ಸೀಜನ್ ಶುರುವಾಗುವ ಮೊದಲು, ಒಳಗೊಳಗೇ ಮನಸ್ತಾಪ ಬೆಳೆದಾಗ, ಯಾವ ಆ್ಯಪೂ ಸಾಲದು. ಎಲ್ಲರೂ ಒಂದು ಕಡೆ ಸೇರಿ ಊಟ ಮಾಡಿ. ಮುಖ ನೋಡಿ ಪರಿಚಯ ಆದವರ ಸಂದೇಶವನ್ನು ಆಮೇಲೆ ಓದುವಾಗ ದನಿಯೂ ಕೇಳಿಸುತ್ತದೆ, ತಪ್ಪು ಅರ್ಥ ಕಡಿಮೆಯಾಗುತ್ತದೆ.

ಜಾಗ ಆರಿಸುವಾಗ ನಕಾಶೆ ನೋಡಿ. ಬಳ್ಳಾರಿಯವರು ರಾಯಚೂರಿಗೆ ರೈಲಿನಲ್ಲಿ ಹೋಗುವುದಾದರೆ ಗುಂತಕಲ್ಲಿಗೆ ಹೋಗಿ ಸುತ್ತಬೇಕು. ಮೂರೂ ಜಿಲ್ಲೆಯವರಿಗೆ ಗಂಗಾವತಿ ಸುಮಾರು ನಡುವಿನ ಊರು. ರಾಯಚೂರಿನವರು ಸಿಂಧನೂರು, ಕಾರಟಗಿ ದಾಟಿ ಬರುತ್ತಾರೆ, ಕೊಪ್ಪಳದವರಿಗೆ ಹತ್ತಿರ, ಬಳ್ಳಾರಿಯವರಿಗೆ ಕಂಪ್ಲಿ ಮೇಲೆ ದಾರಿ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟ ದಿನ ಮಾತ್ರ ಹೊರಡುವ ಮೊದಲು ಕೇಳಿಕೊಳ್ಳಿ, ಕಂಪ್ಲಿ ಸೇತುವೆ ಮುಳುಗುತ್ತದೆ.

ಹೆಜ್ಜೆ 10: ಗುಂಪಿನಲ್ಲಿ ಏನು ಹಾಕಬಾರದು, ಬಿಟ್ಟು ಹೋದವರನ್ನು ಏನು ಮಾಡಬೇಕು

ಕೆಲಸಗಾರರ ಆಧಾರ್ ಫೋಟೋ, ಬ್ಯಾಂಕ್ ಪಾಸ್‌ಬುಕ್, ಸಂಬಳದ ಪಟ್ಟಿ ಗುಂಪಿಗೆ ಹಾಕಬೇಡಿ. ಹಾಕಿದ್ದು ಹತ್ತು ಫೋನಿನ ಗ್ಯಾಲರಿಗೆ ಇಳಿದಿರುತ್ತದೆ, ನೀವು ಅಳಿಸಿದರೂ ಅಲ್ಲಿ ಉಳಿಯುತ್ತದೆ. ಒಟಿಪಿಯನ್ನಂತೂ ಯಾರಿಗೂ, ಯಾವ ಮಾಧ್ಯಮದಲ್ಲೂ ಬೇಡ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಬಂದಿದೆ. ಇಂಥ ಕಾಗದಗಳನ್ನು ಲೆಕ್ಕದವರೊಬ್ಬರಿಗೇ ನೇರವಾಗಿ ಕಳಿಸಿ, ಅವರು ಒಂದೇ ಕಡೆ ಇಟ್ಟುಕೊಳ್ಳಲಿ.

ಯಾರಾದರೂ ಕೆಲಸ ಬಿಟ್ಟರೆ ಅದೇ ದಿನ ಗುಂಪಿನಿಂದ ತೆಗೆಯಿರಿ, ಶೀಟಿನ ಅಧಿಕಾರ ತೆಗೆಯಿರಿ, ಇಮೇಲ್ ಪಾಸ್‌ವರ್ಡ್ ಬದಲಿಸಿ. ತೆಗೆಯುವ ಮೊದಲು ಫೋನ್ ಮಾಡಿ ತಿಳಿಸಿ. ಹೇಳದೆ ಕೇಳದೆ ಗುಂಪಿನಿಂದ ತೆಗೆದರೆ ಊರಲ್ಲಿ ಅದು ದೊಡ್ಡ ಸುದ್ದಿ. ಹೊಸಬರು ಬಂದರೆ ಮೊದಲ ದಿನವೇ ನಿಮ್ಮ ನಿಯಮಗಳ ಒಂದು ಪುಟ ಕೊಡಿ: ಯಾವ ಮಾತು ಎಲ್ಲಿ, ಉತ್ತರ ಎಷ್ಟರೊಳಗೆ, ತುರ್ತು ಇದ್ದರೆ ಯಾರಿಗೆ. ಹಳಬರೊಬ್ಬರು ಅವರಿಗೆ ಫೋನ್ ಮಾಡಿ ಆ ಪುಟವನ್ನು ಓದಿ ಹೇಳಲಿ. ಬರೀ ಗುಂಪಿಗೆ ಸೇರಿಸಿ ‘ಮೇಲೆ ನೋಡಿ, ಎಲ್ಲ ಇದೆ’ ಅಂದರೆ ಅವರು ನೋಡುವುದಿಲ್ಲ.

ಎರಡು ತಿಂಗಳು ನಡೆಸಿ ಆ ಪುಟವನ್ನು ಮತ್ತೆ ತೆಗೆಯಿರಿ. ಯಾರೂ ಪಾಲಿಸದ ನಿಯಮ ಇದ್ದರೆ ಹೊಡೆದುಹಾಕಿ. ಎಲ್ಲರೂ ತಾವಾಗಿಯೇ ಬೇರೆ ದಾರಿ ಹಿಡಿದಿದ್ದರೆ ಅದನ್ನೇ ನಿಯಮ ಮಾಡಿ ಬರೆಯಿರಿ.